ನೆಟ್ಟಗಾಗದ ಕೂದಲು ಕೆಟ್ಟ ಕೂದಲಲ್ಲ

ಜುಹರ್ ನಮಾಜಿಗೆ ಮುಂಚೆ ನಮ್ಮ ಹುಡುಗಿಯರ ಕೊಠಡಿಯಲ್ಲಿ ಐದು ನಿಮಿಷ ಗಲಾಟೆಯೋ ಗಲಾಟೆ. ವುಜೂ ಮಾಡಲು ಎಲ್ಲರೂ ಸ್ಕಾರ್ಫ್ ತೆಗೆಯುತ್ತೇವೆ. ಇರುವುದು ಒಂದೇ ಕನ್ನಡಿ. ನನ್ನ ಸರದಿ ಬಂದಾಗ ಹಿಂದಿನಿಂದ ಒಂದು ಮಾತು ಬಂದೇ ಬರುತ್ತದೆ: "ಏನೇ ಇದು, ಗೀಜಗನ ಗೂಡು!" ಮೊದಲ ಪಿಯುಸಿ ಪೂರ್ತಿ ಆ ಮಾತಿಗೆ ನಾನೂ ನಕ್ಕಿದ್ದೇನೆ. ಮನೆಗೆ ಹೋಗಿ ಕೈ ಸೋಲುವವರೆಗೆ ಬಾಚಿದ್ದೇನೆ. ಬಾಚಿದಷ್ಟೂ ಅದು ಉಬ್ಬುತ್ತಿತ್ತು.

ನನ್ನ ಕೂದಲು ಪೂರ್ತಿ ಗುಂಗುರಲ್ಲ, ನೆಟ್ಟಗೂ ಇಲ್ಲ. ಅಲೆ ಅಲೆಯಾಗಿದೆ, ಒಣಕಲು, ತುದಿ ಒರಟು. ನಮ್ಮ ಕಾಲೇಜಿನಲ್ಲಿ ಇಂಥ ಕೂದಲಿನವರು ಕಡಿಮೆಯೇನಿಲ್ಲ, ಹುಡುಗರಲ್ಲೂ ಇದ್ದಾರೆ. ನಾನು ಹೇಳಬೇಕೆಂದಿರುವುದು ಇಷ್ಟೇ: ಇದು ಕೆಟ್ಟುಹೋದ ನೇರ ಕೂದಲಲ್ಲ, ಇದರ ಸ್ವಭಾವವೇ ಬೇರೆ. ಅದನ್ನು ಒಪ್ಪಿಕೊಂಡರೆ ಕೆಲಸವೂ ಕಡಿಮೆ, ಖರ್ಚೂ ಕಡಿಮೆ.

ಒಪ್ಪಿಕೊಳ್ಳಲು ನನಗೂ ಸಮಯ ಬೇಕಾಯಿತು. ಕಳೆದ ವರ್ಷ ಮಳವಳ್ಳಿಯಲ್ಲಿ ನಮ್ಮ ಆಪಾಳ ನಿಕಾಹ್ ಇತ್ತು. ಅದಕ್ಕೆ ಮುಂಚೆ ಕೂದಲು ಸ್ಮೂತ್‌ನಿಂಗ್ ಮಾಡಿಸಬೇಕೆಂದು ಪಾರ್ಲರೊಂದರಲ್ಲಿ ಕೇಳಿದೆ. ನಾಲ್ಕೂವರೆ ಸಾವಿರ ಎಂದರು. ಸಿಇಟಿ ಪುಸ್ತಕಗಳಿಗೆಂದು ಎತ್ತಿಟ್ಟಿದ್ದ ಸ್ಕಾಲರ್‌ಶಿಪ್ ಹಣ ಹತ್ತಿರ ಹತ್ತಿರ ಅಷ್ಟೇ ಇತ್ತು. ಕೊಟ್ಟೇಬಿಡುತ್ತಿದ್ದೆ. ತಡೆದದ್ದು ಆಪಾಳ ತಲೆ. ಅವಳು ಆರು ತಿಂಗಳ ಹಿಂದೆ ಮಾಡಿಸಿಕೊಂಡಿದ್ದಳು. ಆ ದಿನ ಹೊಗೆಗೆ ಕಣ್ಣಲ್ಲಿ ನೀರು ಸುರಿಯಿತಂತೆ. ಈಗ ಕೆಳಗಿನ ಕೂದಲು ನೆಟ್ಟಗೆ, ಬುಡದಿಂದ ಹೊಸದಾಗಿ ಬಂದದ್ದು ಮತ್ತೆ ಅಲೆ ಅಲೆ. ಒಂದೇ ತಲೆಯಲ್ಲಿ ಎರಡು ಬಗೆ. ಅದನ್ನು ಸರಿಮಾಡಲು ಮತ್ತೊಮ್ಮೆ ದುಡ್ಡು ಕೊಡಬೇಕು.

ಇದಕ್ಕೆ ಕಾರಣ ಸರಳ. ಕೂದಲು ನೇರವೋ ಗುಂಗುರೋ ಎಂಬುದು ಚರ್ಮದೊಳಗಿನ ಬೇರಿನ ಗುಳಿಯಲ್ಲೇ ತೀರ್ಮಾನವಾಗುತ್ತದೆ. ಹೊರಗಿನ ಎಳೆಯನ್ನು ಎಷ್ಟು ಎಳೆದರೂ ಗುಳಿ ಬದಲಾಗುವುದಿಲ್ಲ. ಇನ್ನು ಆ ಹೊಗೆಯ ವಿಷಯ. ಕೂದಲು ನೇರ ಮಾಡುವ ಕೆಲವು ದ್ರಾವಣಗಳು ಬಿಸಿ ತಾಗಿದಾಗ ಫಾರ್ಮಾಲ್ಡಿಹೈಡ್ ಅನಿಲ ಬಿಡುತ್ತವೆ. ಜೀವಶಾಸ್ತ್ರದ ಪ್ರಯೋಗಾಲಯದಲ್ಲಿ ಸತ್ತ ಪ್ರಾಣಿಗಳನ್ನು ಕೆಡದಂತೆ ಇಡುವ ಫಾರ್ಮಲಿನ್ ಇದೆಯಲ್ಲ, ಅದು ಈ ಅನಿಲವನ್ನು ನೀರಿನಲ್ಲಿ ಕರಗಿಸಿದ್ದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಇದನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತು ಎಂದು ವರ್ಗೀಕರಿಸಿದೆ. ಒಂದು ಮದುವೆಯ ಫೋಟೋಗಾಗಿ ಇದು ಬೇಕೇ?

ಮದುವೆಯ ಆ ನಾಲ್ಕು ದಿನ ಮಳವಳ್ಳಿಯ ನಾನಿ ಮನೆಯಲ್ಲಿ ನನ್ನ ಕೂದಲು ತಾನಾಗಿಯೇ ಮೆತ್ತಗಾಗಿತ್ತು. ಕಾರಣ ಹುಡುಕಿದಾಗ ನಾಲ್ಕು ಸಂಗತಿ ಸಿಕ್ಕವು. ಅವೇ ಈಗ ನನ್ನ ಪದ್ಧತಿ.

ಮೊದಲನೆಯದು ನೀರು. ನಾನಿ ಮನೆಗೆ ಹೊಳೆ ನೀರು ಬರುತ್ತದೆ. ಮದ್ದೂರಿನ ನಮ್ಮ ಮನೆಯಲ್ಲಿ ಬೋರ್ ನೀರು, ಬಕೆಟ್ಟಿನ ಒಳಗೆ ಸುಣ್ಣದಂತೆ ಬಿಳಿ ಪದರ ಕಟ್ಟುತ್ತದೆ. ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳಿರುವ ಗಡಸು ನೀರು ಅದು. ಸೋಪು ಅದರ ಜೊತೆ ಸೇರಿ ಜಿಗುಟಾದ ಗಸಿ ಆಗುತ್ತದೆ, ಕೂದಲಿಗೆ ಅಂಟಿಕೊಳ್ಳುತ್ತದೆ. ಮೈಸೋಪಿನಲ್ಲೇ ತಲೆ ಉಜ್ಜುವ ಅಣ್ಣಂದಿರು ಇದನ್ನು ಗಮನಿಸಬೇಕು. ನಾನು ಈಗ ಎರಡು ಚೊಂಬು ನೀರು ಕುದಿಸಿ, ಆರಿಸಿ, ತಳದ ಗಸಿ ಬಿಟ್ಟು ಮೇಲಿನ ತಿಳಿಯನ್ನು ಕೊನೆಯಲ್ಲಿ ತಲೆಗೆ ಸುರಿದುಕೊಳ್ಳುತ್ತೇನೆ. ಮಳೆಗಾಲದಲ್ಲಿ ಅದೂ ಬೇಡ, ಹಿಡಿದಿಟ್ಟ ಮಳೆ ನೀರು ಸಾಕು.

ಎರಡನೆಯದು ಎಣ್ಣೆ. ತಲೆಬುಡದ ಜಿಡ್ಡು ನೇರ ಕೂದಲಿನಲ್ಲಿ ಜಾರಿ ತುದಿಗೆ ಬರುತ್ತದೆ, ಅಲೆಯ ಕೂದಲಿನಲ್ಲಿ ಅಷ್ಟು ಸುಲಭವಾಗಿ ಬರುವುದಿಲ್ಲ. ಅದಕ್ಕೇ ತುದಿ ಒಣಗುವುದು. ನಾನಿ ಸ್ನಾನಕ್ಕೆ ಅರ್ಧ ಗಂಟೆ ಮುಂಚೆ ಕೂರಿಸಿ ಕೊಬ್ಬರಿ ಎಣ್ಣೆಯ ಚಂಪಿ ಮಾಡುತ್ತಿದ್ದರು. ಕೊಬ್ಬರಿ ಎಣ್ಣೆ ಕೂದಲಿನ ಒಳಕ್ಕೂ ಇಳಿದು ಪ್ರೋಟೀನ್ ನಷ್ಟ ತಗ್ಗಿಸುತ್ತದೆ ಎಂದು 2003ರಲ್ಲಿ ಭಾರತದ ಸಂಶೋಧಕರು ಪ್ರಕಟಿಸಿದ್ದಾರೆ. 'ಶಾಂಪೂ' ಪದ ಹುಟ್ಟಿದ್ದೂ ಈ ಚಂಪಿಯಿಂದಲೇ. ಪಾಟ್ನಾದಲ್ಲಿ ಹುಟ್ಟಿದ ಶೇಖ್ ದೀನ್ ಮಹಮ್ಮದ್ 19ನೇ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಬ್ರೈಟನ್‌ನಲ್ಲಿ ಸ್ನಾನಗೃಹ ತೆರೆದು ಅಲ್ಲಿಯವರಿಗೆ ಮಾಲೀಶಿನ ರುಚಿ ಹತ್ತಿಸಿದರು. ನೊರೆಯ ಅರ್ಥ ಆ ಪದಕ್ಕೆ ಆಮೇಲೆ ಬಂದದ್ದು.

ಮೂರನೆಯದು ಬಾಚಣಿಗೆ. ಕೂದಲಿನ ಹೈಡ್ರೋಜನ್ ಬಂಧಗಳು ನೀರು ತಾಗಿದರೆ ಬಿಡುತ್ತವೆ, ಒಣಗುವಾಗ ಮತ್ತೆ ಕೂಡಿಕೊಳ್ಳುತ್ತವೆ. ಹಾಗಾಗಿ ಕೂದಲು ಯಾವ ಆಕಾರದಲ್ಲಿ ಒಣಗುತ್ತದೋ ಹೆಚ್ಚುಕಡಿಮೆ ಅದೇ ಆಕಾರದಲ್ಲಿ ನಿಲ್ಲುತ್ತದೆ. ಒಣಗಿದ ಮೇಲೆ ಬಾಚಿದರೆ ಅಲೆ ಒಡೆದು ಎಳೆ ಎಳೆಯಾಗಿ ಕೆದರುತ್ತದೆ, ಅದೇ ನನ್ನ ಗೀಜಗನ ಗೂಡು. ತೊಳೆಯುವಾಗಲೇ, ಕಂಡೀಷನರ್ ಅಥವಾ ದಾಸವಾಳದ ಸೊಪ್ಪಿನ ಲೋಳೆ ಇರುವಾಗ, ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯಿಂದ ಮೇಲಕ್ಕೆ ಮೆಲ್ಲಗೆ ಸಿಕ್ಕು ಬಿಡಿಸಿದರೆ ಮುಗಿಯಿತು. ಒದ್ದೆ ಕೂದಲಿಗೆ ಬಲ ಕಡಿಮೆ, ಎಳೆಯಬಾರದು.

ನಾಲ್ಕನೆಯದು ಒರೆಸುವುದು. ಒರಟು ಟವೆಲ್ಲಿನಿಂದ ಗಸಗಸ ಉಜ್ಜುವುದನ್ನು ಬಿಟ್ಟೆ. ಅಬ್ಬಾನ ಹಳೇ ಕಾಟನ್ ಲುಂಗಿಯಲ್ಲಿ ಒತ್ತಿ ನೀರು ತೆಗೆಯುತ್ತೇನೆ. ಬೆಳಗಿನ ಬಸ್ಸಿನ ಅವಸರದಲ್ಲಿ ತಲೆಸ್ನಾನ ಮಾಡುವುದಿಲ್ಲ. ಒದ್ದೆ ತಲೆಗೆ ಸ್ಕಾರ್ಫ್ ಬಿಗಿದರೆ ಸಂಜೆಯವರೆಗೆ ಬೆವರು, ವಾಸನೆ, ತುರಿಕೆ. ವಾರಕ್ಕೆ ಎರಡು ಸಂಜೆ ತೊಳೆದು ಒಣಗಲು ಬಿಡುತ್ತೇನೆ, ಸ್ಕಾರ್ಫಿನ ಒಳಗೆ ಕಾಟನ್ ಟೋಪಿ ಹಾಕುತ್ತೇನೆ.

"ಸ್ಕಾರ್ಫ್ ಇದೆಯಲ್ಲ, ಯಾರು ನೋಡ್ತಾರೆ? ಇಷ್ಟೆಲ್ಲ ಯಾಕೆ?" ಎಂದು ಗೆಳತಿಯೊಬ್ಬಳು ಕೇಳಿದಳು. ಯಾರೂ ನೋಡದಿದ್ದರೂ ತಲೆ ನನ್ನದು, ತುರಿಕೆಯೂ ನನ್ನದು. ಕೂದಲಿದ್ದವರು ಅದರ ಆರೈಕೆ ಮಾಡಬೇಕೆಂಬ ಬೋಧನೆ ಅಬೂ ದಾವೂದ್ ಹದೀಸ್ ಸಂಗ್ರಹದಲ್ಲಿದೆ. ಬಾಚಿಕೊಳ್ಳುವುದರಲ್ಲೇ ಮುಳುಗದೆ ನಡುನಡುವೆ ಬಿಡುವು ಕೊಡಬೇಕೆಂಬ ಬೋಧನೆಯೂ ಅದರಲ್ಲೇ ಇದೆ. ನನ್ನ ಪದ್ಧತಿಗೆ ಈ ಎರಡೂ ಒಪ್ಪುತ್ತವೆ. ಮತ್ತೊಂದು ಸಂಗತಿ ಓದಿದಾಗ ನನಗೆ ಬಹಳ ಸಮಾಧಾನವಾಯಿತು: ಪ್ರವಾದಿಯವರ (ಸ) ಕೂದಲು ತೀರಾ ನೇರವೂ ಅಲ್ಲ, ತೀರಾ ಗುಂಗುರೂ ಅಲ್ಲ ಎಂದು ಅವರ ಸೇವೆಯಲ್ಲಿದ್ದ ಅನಸ್ (ರ) ವರ್ಣಿಸಿದ್ದಾರೆ.

ಕೊನೆಗೆ ಎರಡು ವಿನಂತಿ. ಗೌರವಾನ್ವಿತ ಉಪನ್ಯಾಸಕರಲ್ಲಿ: ಬೆಳಗಿನ ಅಸೆಂಬ್ಲಿಯಲ್ಲಿ ಉದ್ದ ಕೂದಲಿನ ಹುಡುಗರನ್ನು ಸಾಲಿನಿಂದ ಹೊರಗೆ ಕರೆಯಿರಿ, ಅದು ನಿಯಮ. ಆದರೆ ಕತ್ತರಿಸಿಕೊಂಡು ಬಂದರೂ ಕೂದಲು ಎದ್ದು ನಿಲ್ಲುವವನನ್ನು "ತಲೆ ಬಾಚ್ಕೊಂಡು ಬರಕ್ಕಾಗಲ್ವಾ?" ಎಂದು ಎಲ್ಲರೆದುರು ಕೇಳಬೇಡಿ. ಅವನು ಬಾಚಿಕೊಂಡೇ ಬಂದಿರುತ್ತಾನೆ, ಬಹುಶಃ ಎರಡು ಸಲ. ಗೆಳತಿಯರಲ್ಲಿ: ತಮಾಷೆ ಮಾಡಿ, ಬೇಡ ಎನ್ನುವುದಿಲ್ಲ. ಆದರೆ ಆ ತಮಾಷೆ ಕೇಳಿಯೇ ನಾನು ಸಿಇಟಿ ಪುಸ್ತಕದ ಹಣ ಹಿಡಿದು ಪಾರ್ಲರಿನ ಬಾಗಿಲವರೆಗೆ ಹೋಗಿದ್ದೆ. ನಿಮ್ಮ ಮಾತು ಕೇಳಿ ಇನ್ನೊಬ್ಬಳು ಒಳಗೇ ಹೋಗಿಬಿಡಬಹುದು.

ಪುಸ್ತಕಗಳನ್ನು ಕೊಂಡಿದ್ದೇನೆ. ಬೇಕಾದವರು ಕೇಳಿ ಪಡೆಯಬಹುದು. ಅಗಲ ಹಲ್ಲಿನ ಬಾಚಣಿಗೆಯನ್ನು ಮಾತ್ರ ಯಾರಿಗೂ ಕೊಡುವುದಿಲ್ಲ, ನಿಮ್ಮದು ನೀವೇ ತನ್ನಿ.