ಬಾಡಿಗೆಯ ಲೆಕ್ಕ ಕೇಳುವುದು ಅಪನಂಬಿಕೆಯಲ್ಲ

ಆಳಂದ, ಅಫಜಲಪುರ ಮತ್ತು ಜೇವರ್ಗಿಯಂತಹ ತಾಲೂಕು ಪಟ್ಟಣಗಳಲ್ಲಿ ಮನೆಯನ್ನು ಬಾಡಿಗೆಗೆ ಕೊಡುವವರೆಲ್ಲರೂ ಶ್ರೀಮಂತರಲ್ಲ. ತಂದೆಯ ಕಾಲದ ಮನೆಯಲ್ಲಿ ಬಿಟ್ಟುಕೊಟ್ಟ ಎರಡು ಕೋಣೆಗಳು, ರಸ್ತೆಯ ಬದಿಗೆ ಒಂದು ಪುಟ್ಟ ಮಳಿಗೆ ಅಥವಾ ಕೊಲ್ಲಿ ರಾಷ್ಟ್ರದಲ್ಲಿ ವರ್ಷಗಟ್ಟಲೆ ದುಡಿದು ಕಟ್ಟಿಸಿದ ಒಂದು ಮಹಡಿ, ಹೆಚ್ಚಿನವರ ಆಸ್ತಿ ಇಷ್ಟೇ. ಅದರ ಬಾಡಿಗೆಯು ಅವರಿಗೆ ಲಾಭವಲ್ಲ, ಜೀವನಾಧಾರ. ವಿಧವೆಯ ಔಷಧಿ, ಮಗಳ ಕಾಲೇಜು ಶುಲ್ಕ, ತಿಂಗಳ ಕೊನೆಯ ಕಿರಾಣಿ ಬಾಕಿ, ಎಲ್ಲವೂ ಆ ನಾಲ್ಕೈದು ಸಾವಿರ ರೂಪಾಯಿಗಳನ್ನು ಅವಲಂಬಿಸಿರುತ್ತವೆ.

ಈ ಪಟ್ಟಣಗಳಲ್ಲಿ ಬಾಡಿಗೆ ಮನೆಗಳಿಗೆ ಬೇಡಿಕೆಯೂ ಇದೆ. 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯದ ಆವರಣವಿರುವುದು ಆಳಂದ ತಾಲೂಕಿನ ಕಡಗಂಚಿಯಲ್ಲಿ. ಅಫಜಲಪುರ ತಾಲೂಕಿನ ದೇವಲ ಗಾಣಗಾಪುರಕ್ಕೆ ನೆರೆಯ ಮಹಾರಾಷ್ಟ್ರದಿಂದಲೂ ಯಾತ್ರಿಕರು ಬರುತ್ತಾರೆ. ಜೇವರ್ಗಿಯು ಕಲಬುರಗಿಯಿಂದ ವಿಜಯಪುರದ ಕಡೆಗೆ ಸಾಗುವ ಹೆದ್ದಾರಿಯ ಮೇಲಿದೆ. ವರ್ಗಾವಣೆಯಾಗಿ ಬರುವ ಶಿಕ್ಷಕರು, ಬ್ಯಾಂಕ್ ನೌಕರರು, ಕಚೇರಿ ಸಿಬ್ಬಂದಿಗೆ ಮನೆ ಬೇಕು. ಇನ್ನೊಂದೆಡೆ, ದುಡಿಮೆಗಾಗಿ ಮುಂಬೈ, ಪುಣೆ, ಹೈದರಾಬಾದಿಗೆ ಹೋದ ಕುಟುಂಬಗಳ ಮನೆಗಳು ಬೀಗ ಹಾಕಿಕೊಂಡಿವೆ. ಇವರಿಬ್ಬರ ನಡುವೆ ಮಧ್ಯವರ್ತಿಯೊಬ್ಬನು ಹುಟ್ಟಿಕೊಳ್ಳುವುದು ಸಹಜ. ಕೆಲವರು ಅವನನ್ನು ದಲ್ಲಾಳಿ ಎನ್ನುತ್ತಾರೆ, ಕೆಲವರು ಏಜೆಂಟ್ ಎನ್ನುತ್ತಾರೆ. ಅನೇಕ ವೇಳೆ ಅವನು ಅದೇ ಮೊಹಲ್ಲಾದವನು, ಅದೇ ಮಸೀದಿಯ ಸಫ್‌ನಲ್ಲಿ ಪಕ್ಕದಲ್ಲಿ ನಿಲ್ಲುವವನು. ಜಗಳವು ಆರಂಭವಾಗುವುದೂ ಇಲ್ಲಿಂದಲೇ.

ಉದಾಹರಣೆಗಾಗಿ ಒಂದು ಲೆಕ್ಕವನ್ನು ಕಲ್ಪಿಸಿಕೊಳ್ಳೋಣ. ಪುಣೆಯಲ್ಲಿರುವ ಮನೆಯೊಡತಿಗೆ ಏಜೆಂಟನು ತಿಂಗಳಿಗೆ 4,500 ರೂಪಾಯಿ ತಪ್ಪದೆ ಕಳುಹಿಸುತ್ತಾನೆ. ಮೂರು ವರ್ಷಗಳ ನಂತರ ಬಾಡಿಗೆದಾರರು ಮನೆ ಖಾಲಿ ಮಾಡುವಾಗ, ತಾವು ಪ್ರತಿ ತಿಂಗಳು 6,000 ರೂಪಾಯಿ ಕೊಟ್ಟಿದ್ದೇವೆ, 30,000 ರೂಪಾಯಿ ಮುಂಗಡವನ್ನೂ ಕೊಟ್ಟಿದ್ದೇವೆ ಎನ್ನುತ್ತಾರೆ. ಒಡತಿಗೆ ತಲುಪಿದ ಮುಂಗಡ 20,000 ಮಾತ್ರ. ತಿಂಗಳಿಗೆ 1,500ರಂತೆ 36 ತಿಂಗಳಿಗೆ 54,000, ಮುಂಗಡದಲ್ಲಿ 10,000, ಒಟ್ಟು 64,000 ರೂಪಾಯಿ. ಹೋಗುವ ಬಾಡಿಗೆದಾರರಿಗೆ ಪೂರ್ತಿ ಮುಂಗಡವನ್ನು ಹಿಂದಿರುಗಿಸಬೇಕಾದ ಹೊಣೆ ಮಾತ್ರ ಒಡತಿಯ ತಲೆಯ ಮೇಲೆ ಬಂದು ಬೀಳುತ್ತದೆ.

ಏಜೆಂಟನ ವಾದವನ್ನೂ ಕೇಳಬೇಕು. ಒಂದು ಪಕ್ಷದ ಮಾತನ್ನಷ್ಟೇ ಆಲಿಸಿ ತೀರ್ಪು ಕೊಡುವುದು ಇಸ್ಲಾಮಿನ ನ್ಯಾಯನೀತಿಯಲ್ಲ. ಅವನು ಹೀಗೆನ್ನುತ್ತಾನೆ: “ನಾಲ್ಕೂವರೆ ಸಾವಿರ ಕೊಡುತ್ತೇನೆಂದು ಮಾತು ಕೊಟ್ಟಿದ್ದೆ, ಕೊಟ್ಟಿದ್ದೇನೆ. ಮನೆ ಎರಡು ತಿಂಗಳು ಖಾಲಿ ಇದ್ದಾಗಲೂ ಕೈಯಿಂದ ಕಳುಹಿಸಿದ್ದೇನೆ. ನಲ್ಲಿ ಕೆಟ್ಟರೆ, ವೈರಿಂಗ್ ಸುಟ್ಟರೆ ಓಡಿ ಹೋದವನು ನಾನು. ನನ್ನ ಶ್ರಮಕ್ಕೆ ಬೆಲೆಯಿಲ್ಲವೇ?” ಈ ಮಾತಿನಲ್ಲಿ ಸತ್ಯಾಂಶವಿದೆ. ಶ್ರಮಕ್ಕೆ ಖಂಡಿತ ಬೆಲೆಯಿದೆ. ಆದರೆ ಆ ಬೆಲೆಯನ್ನು ನಿರ್ಧರಿಸಿದವರು ಯಾರು? ಕೊಡಬೇಕಾದವರಿಗೆ ತಿಳಿಯದಂತೆ ಪಡೆಯುವವನೇ ನಿರ್ಧರಿಸಿಕೊಂಡ ಕೂಲಿಯನ್ನು ಕೂಲಿಯೆಂದು ಹೇಗೆ ಕರೆಯುವುದು?

ಇಲ್ಲಿ ಎರಡು ಬೇರೆ ಬೇರೆ ಒಪ್ಪಂದಗಳನ್ನು ಒಂದರೊಳಗೊಂದು ಬೆರೆಸಲಾಗಿದೆ. ಮನೆಯೊಡತಿಯ ಪರವಾಗಿ ಬಾಡಿಗೆ ವಸೂಲು ಮಾಡುವವನು ವಕೀಲ್, ಅಂದರೆ ಪ್ರತಿನಿಧಿ. ಅವನ ಕೈಗೆ ಬಂದ ಹಣವು ಅಮಾನತ್. ಅದಕ್ಕೆ ಬದಲಾಗಿ ಅವನೇ ಮನೆಯನ್ನು ಗೊತ್ತಾದ ಮೊತ್ತಕ್ಕೆ ಗುತ್ತಿಗೆ ಹಿಡಿದು, ನಷ್ಟವನ್ನೂ ತಾನೇ ಹೊತ್ತು, ಬೇರೆಯವರಿಗೆ ಕೊಡುವುದಾದರೆ ಅದು ಇನ್ನೊಂದು ವ್ಯವಹಾರ. ಅದನ್ನು ಮೊದಲೇ ಬಾಯಿಬಿಟ್ಟು ಹೇಳಬೇಕು, ಬರೆದುಕೊಡಬೇಕು. ಹಾಗೆ ಹೇಳಿದ್ದರೂ, ಬಾಡಿಗೆಗೆ ಪಡೆದುದನ್ನು ಏನೂ ಸುಧಾರಿಸದೆ ಹೆಚ್ಚಿನ ಬಾಡಿಗೆಗೆ ಕೊಟ್ಟು ಬರುವ ಹೆಚ್ಚುವರಿಯನ್ನು ಹನಫೀ ಫಿಕ್‌ಹ್ ಸಮ್ಮತಿಸುವುದಿಲ್ಲ. ಶಾಫಿಈ ವಿದ್ವಾಂಸರು ಅದಕ್ಕೆ ಅವಕಾಶ ಕೊಟ್ಟಿದ್ದಾರೆ. ಆದರೆ ಪ್ರತಿನಿಧಿಯಾಗಿ ವಸೂಲು ಮಾಡಿ, ಲೆಕ್ಕ ಕೇಳಿದಾಗ ಗುತ್ತಿಗೆದಾರನ ವೇಷ ಧರಿಸುವುದನ್ನು ಯಾವ ಮದ್‌ಹಬ್ ಕೂಡ ಒಪ್ಪುವುದಿಲ್ಲ.

ಪ್ರವಾದಿವರ್ಯರ(ಸ) ಜೀವನದಲ್ಲಿ ಇದಕ್ಕೆ ಸ್ಪಷ್ಟ ಮಾರ್ಗದರ್ಶನವಿದೆ. ಒಂದು ಕುರಿಯನ್ನು ಖರೀದಿಸಲೆಂದು ಅವರು ಉರ್ವಾ ಅಲ್ ಬಾರಿಕೀ(ರ) ಎಂಬ ಅನುಚರರಿಗೆ ಒಂದು ದೀನಾರ್ ಕೊಟ್ಟರೆಂದೂ, ಉರ್ವಾ(ರ) ಅದೇ ದೀನಾರಿಗೆ ಎರಡು ಕುರಿಗಳನ್ನು ಕೊಂಡು, ಒಂದನ್ನು ಒಂದು ದೀನಾರಿಗೆ ಮಾರಿ, ಕುರಿಯನ್ನೂ ದೀನಾರನ್ನೂ ತಂದೊಪ್ಪಿಸಿದರೆಂದೂ ಬುಖಾರಿಯಲ್ಲಿ ವರದಿಯಾಗಿದೆ. ಆ ಜಾಣ್ಮೆ ಉರ್ವಾರದ್ದು(ರ). ಶ್ರಮವೂ ಅವರದ್ದೇ. ಆದರೂ ಲಾಭವು ಬಂಡವಾಳದ ಒಡೆಯರಿಗೆ ಮರಳಿತು. ಪ್ರವಾದಿವರ್ಯರು(ಸ) ಅವರ ವ್ಯಾಪಾರದಲ್ಲಿ ಸಮೃದ್ಧಿಗಾಗಿ ಪ್ರಾರ್ಥಿಸಿದರು. ಇನ್ನೊಂದು ಘಟನೆ ಇದಕ್ಕೆ ತದ್ವಿರುದ್ಧವಾದುದು. ಝಕಾತ್ ವಸೂಲಿಗೆ ಹೋದ ಇಬ್ನುಲ್ಲುತ್‌ಬಿಯ್ಯಾ ಎಂಬವರು ಮರಳಿ ಬಂದು, ಇಷ್ಟು ನಿಮ್ಮದು, ಇಷ್ಟು ನನಗೆ ಉಡುಗೊರೆಯಾಗಿ ಬಂದುದು ಎಂದು ವಿಂಗಡಿಸಿದರು. ತಂದೆತಾಯಿಯರ ಮನೆಯಲ್ಲಿ ಕುಳಿತಿದ್ದರೆ ಆ ಉಡುಗೊರೆ ಬರುತ್ತಿತ್ತೇ ಎಂದು ಪ್ರವಾದಿವರ್ಯರು(ಸ) ಜನರ ಮುಂದೆಯೇ ಪ್ರಶ್ನಿಸಿದರು. ಏಜೆಂಟನು ತನ್ನನ್ನು ತಾನು ಕೇಳಿಕೊಳ್ಳಬೇಕಾದ ಪ್ರಶ್ನೆಯೂ ಅದುವೇ. ಆ ಮನೆ ಆ ಒಡತಿಯದ್ದಾಗಿರದಿದ್ದರೆ ಈ 1,500 ರೂಪಾಯಿ ತನಗೆ ಬರುತ್ತಿತ್ತೇ?

ಪ್ರವಾದಿತ್ವಕ್ಕಿಂತ ಮೊದಲು ಸ್ವತಃ ಮುಹಮ್ಮದ್(ಸ)ರು ಹಝ್ರತ್ ಖದೀಜಾರ(ರ) ಸರಕಿನೊಂದಿಗೆ ಶಾಮ್‌ಗೆ ಹೋಗಿದ್ದರು. ವಿಧವೆಯಾದ ಮಹಿಳೆಯೊಬ್ಬರ ಬಂಡವಾಳವನ್ನು ದೂರದೂರಿನಲ್ಲಿ ನಿರ್ವಹಿಸಿದ ಪ್ರತಿನಿಧಿ ಅವರು. ಖದೀಜಾ(ರ) ಮೆಚ್ಚಿಕೊಂಡದ್ದು ಅವರು ತಂದ ಲಾಭವನ್ನು ಮಾತ್ರವಲ್ಲ, ಅವರ ಪ್ರಾಮಾಣಿಕತೆಯನ್ನು. ಸೀರತ್ ಸಮಾವೇಶಗಳಲ್ಲಿ ‘ಅಲ್ ಅಮೀನ್’ ಎಂಬ ಬಿರುದನ್ನು ಕೊಂಡಾಡುವ ಸಮುದಾಯದಲ್ಲಿ ದೂರದ ವಿಧವೆಯ ಬಾಡಿಗೆ ಅರ್ಧ ದಾರಿಯಲ್ಲಿ ಕರಗುತ್ತದೆಯೆಂದರೆ ಅದಕ್ಕಿಂತ ದೊಡ್ಡ ವಿಪರ್ಯಾಸ ಬೇರೇನಿದೆ?

ದೇಶದ ಕಾನೂನು ಕೂಡ ಇದನ್ನೇ ಹೇಳುತ್ತದೆ. 1872ರ ಭಾರತೀಯ ಕರಾರು ಕಾಯ್ದೆಯ 213ನೇ ಕಲಮಿನ ಪ್ರಕಾರ, ಮಾಲಿಕರು ಕೇಳಿದಾಗ ಸರಿಯಾದ ಲೆಕ್ಕ ಒಪ್ಪಿಸುವುದು ಏಜೆಂಟನ ಕರ್ತವ್ಯ. ಮಾಲಿಕರ ಪರವಾಗಿ ಪಡೆದ ಹಣದಲ್ಲಿ ತನ್ನ ನ್ಯಾಯವಾದ ಖರ್ಚು ಮತ್ತು ಸಂಭಾವನೆಯನ್ನು ಕಳೆದು ಉಳಿದುದೆಲ್ಲವನ್ನೂ ಕೊಡಬೇಕೆಂದು 217 ಮತ್ತು 218ನೇ ಕಲಮುಗಳು ಹೇಳುತ್ತವೆ. ಮಾಲಿಕರಿಗೆ ತಿಳಿಯದಂತೆ ಏಜೆಂಟನು ಸ್ವಂತಕ್ಕಾಗಿ ವ್ಯವಹರಿಸಿದರೆ ಅದರ ಲಾಭವನ್ನು ಮಾಲಿಕರು ಕೇಳಿ ಪಡೆಯಬಹುದೆಂಬುದು 216ನೇ ಕಲಮು. ದುರ್ವರ್ತನೆ ತೋರಿದ ಭಾಗದ ಕೆಲಸಕ್ಕೆ ಸಂಭಾವನೆಯ ಹಕ್ಕೇ ಇಲ್ಲವೆಂದು 220ನೇ ಕಲಮು ಸ್ಪಷ್ಟಪಡಿಸುತ್ತದೆ.

ಈ ಪ್ರದೇಶಕ್ಕೆ ಇಂತಹ ಮಧ್ಯವರ್ತಿಯ ಪರಿಚಯ ಹೊಸದೇನಲ್ಲ. 1948ರವರೆಗೆ ಕಲಬುರಗಿಯು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. 19ನೇ ಶತಮಾನದ ಮೊದಲರ್ಧದಲ್ಲಿ ಅಲ್ಲಿ ಕಂದಾಯ ವಸೂಲಿಯನ್ನು ಗುತ್ತಿಗೆ ಕೊಡಲಾಗುತ್ತಿತ್ತು. ಗೊತ್ತಾದ ಮೊತ್ತವನ್ನು ಸರಕಾರಕ್ಕೆ ಕಟ್ಟಿ, ರೈತನಿಂದ ಎಳೆದುದರಲ್ಲಿ ಮಿಕ್ಕುದನ್ನು ಗುತ್ತಿಗೆದಾರನು ಇಟ್ಟುಕೊಳ್ಳುತ್ತಿದ್ದನು. ರೈತನೂ ಬಡವಾದ, ಖಜಾನೆಯೂ ಬರಿದಾಯಿತು. 1853ರಿಂದ 1883ರವರೆಗೆ ದಿವಾನರಾಗಿದ್ದ ಒಂದನೆಯ ಸಾಲಾರ್ ಜಂಗ್ ಆ ಪದ್ಧತಿಯನ್ನು ಕೊನೆಗೊಳಿಸಿ, ಸಂಬಳ ಪಡೆಯುವ ಅಧಿಕಾರಿಗಳನ್ನು ನೇಮಿಸಿದರು. ಕೊಡುವವನಿಗೂ ಪಡೆಯುವವನಿಗೂ ಪರಸ್ಪರರ ಅಂಕಿ ತಿಳಿಯದಿದ್ದಾಗ ಇಬ್ಬರೂ ನಷ್ಟಕ್ಕೊಳಗಾಗುತ್ತಾರೆ ಎಂಬುದು ಅದರ ಪಾಠ. ಇಂದು ಏಜೆಂಟನ ಗುಪ್ತ ಲೆಕ್ಕದಲ್ಲಿ ಹೆಚ್ಚು ಬಾಡಿಗೆ ಕೊಡುವ ಬಡ ಶಿಕ್ಷಕನೂ ಕಡಿಮೆ ಪಡೆಯುವ ವಿಧವೆಯೂ ಹಾಗೆಯೇ ಸೋಲುತ್ತಿದ್ದಾರೆ.

ಹಾಗಾದರೆ ಮೂರು ವರ್ಷಗಳ ಕಾಲ ಯಾರೂ ಲೆಕ್ಕ ಕೇಳುವುದಿಲ್ಲವೇಕೆ? ಅದಕ್ಕೆ ಲಿಹಾಜ್ ಎಂಬ ಹೆಸರಿದೆ. “ನಮ್ಮವನೇ ಅಲ್ಲವೇ, ಕೇಳಿದರೆ ಏನೆಂದುಕೊಳ್ಳುತ್ತಾನೋ” ಎಂಬ ಸಂಕೋಚ. ಲೆಕ್ಕ ಕೇಳುವುದನ್ನು ಅಪನಂಬಿಕೆಯೆಂದೂ, ಬರೆದುಕೊಡೆನ್ನುವುದನ್ನು ಅವಮಾನವೆಂದೂ ಭಾವಿಸಲಾಗಿದೆ. ಆದರೆ ಪವಿತ್ರ ಕುರ್‌ಆನಿನ ಅತಿ ದೀರ್ಘ ಸೂಕ್ತವಾದ ಅಲ್ ಬಕರಾ ಅಧ್ಯಾಯದ 282ನೇ ಸೂಕ್ತವು ಯಾವ ವಿಷಯದ ಕುರಿತಾಗಿದೆ? ಸಾಲದ ವ್ಯವಹಾರವನ್ನು ಬರೆದಿಡುವುದು, ಸಾಕ್ಷಿಗಳನ್ನು ನಿಲ್ಲಿಸುವುದು, ಮೊತ್ತ ಸಣ್ಣದಿರಲಿ ದೊಡ್ಡದಿರಲಿ ಬರೆಯಲು ಬೇಸರಿಸದಿರುವುದು, ಇವೇ ಅದರ ವಿಷಯ. ಆ ಆದೇಶ ಬಂದುದು ಪರಸ್ಪರ ನಂಬಿಕೆಯಿಲ್ಲದ ಜನರಿಗಲ್ಲ, ಸತ್ಯವಿಶ್ವಾಸಿಗಳಿಗೆ. ಬರಹವು ಗೆಳೆತನದ ಶತ್ರುವಲ್ಲ, ಅದರ ಕಾವಲುಗಾರ.

ಮನೆಮಾಲಿಕರ ಕಡೆಯಲ್ಲೂ ತಿದ್ದಿಕೊಳ್ಳಬೇಕಾದುದು ಬಹಳಷ್ಟಿದೆ. ಬಾಡಿಗೆದಾರ ಸಿಗುವವರೆಗೆ ಏಜೆಂಟನನ್ನು ದಿನಕ್ಕೆರಡು ಬಾರಿ ಫೋನಿನಲ್ಲಿ ಕರೆದು, ಸಿಕ್ಕಿದ ನಂತರ ಕಮಿಷನ್ನಿನ ವಿಚಾರದಲ್ಲಿ ಮೌನವಾಗುವವರಿದ್ದಾರೆ. ಕಮಿಷನ್ ಎಷ್ಟೆಂದು ಹೇಳದೆ “ನೋಡೋಣ ಬಿಡು” ಎಂದು ಕೆಲಸ ಮಾಡಿಸಿಕೊಳ್ಳುವವರೂ ಇದ್ದಾರೆ. ಕೂಲಿಯನ್ನು ಮೊದಲೇ ತಿಳಿಸಬೇಕೆಂದೂ ಕೂಲಿಯವನ ಬೆವರು ಆರುವ ಮುನ್ನ ಅದನ್ನು ಕೊಡಬೇಕೆಂದೂ ಕಲಿಸಿದ ಧರ್ಮ ನಮ್ಮದು. ನ್ಯಾಯವಾದ ಕೂಲಿಯ ಬಾಗಿಲು ಮುಚ್ಚಿದ ಕಡೆ ಗುಪ್ತ ಆದಾಯದ ಕಿಟಕಿ ತೆರೆದುಕೊಳ್ಳುತ್ತದೆ. ಇದು ಏಜೆಂಟನ ವಂಚನೆಗೆ ಸಮರ್ಥನೆಯಲ್ಲ. ಆದರೆ ಅದರ ಬೇರುಗಳಲ್ಲಿ ಇದೂ ಒಂದು.

ಇನ್ನೂ ಕಹಿಯಾದ ಸತ್ಯವೊಂದಿದೆ. ಎಷ್ಟೋ ಮನೆಗಳಲ್ಲಿ ಏಜೆಂಟ್ ಹೊರಗಿನವನಲ್ಲ, ಒಡಹುಟ್ಟಿದ ಅಣ್ಣನೇ. ತಂದೆ ತೀರಿಕೊಂಡ ದಿನದಿಂದ ಅವರ ಮನೆ ಮತ್ತು ಮಳಿಗೆಯಲ್ಲಿ ಹೆಣ್ಣುಮಕ್ಕಳಿಗೂ ಪಾಲಿದೆ. ಪವಿತ್ರ ಕುರ್‌ಆನ್ ಅದನ್ನು ನಿಗದಿಪಡಿಸಿದೆ. ಆಸ್ತಿ ವಿಭಜನೆಯಾಗುವವರೆಗೆ ಬರುವ ಬಾಡಿಗೆಯಲ್ಲೂ ಅದೇ ಪಾಲು ಸಲ್ಲಬೇಕು. ಅಣ್ಣನು ವಸೂಲು ಮಾಡುವ ಬಾಡಿಗೆಯಲ್ಲಿ ತಂಗಿಯ ಪಾಲಿನ ಮಟ್ಟಿಗೆ ಅವನು ಅವಳ ಪ್ರತಿನಿಧಿ ಮಾತ್ರ. ಈದ್‌ಗೆ ಒಂದು ಸೀರೆ, ಬಾಣಂತನಕ್ಕೆ ಒಂದಿಷ್ಟು ಖರ್ಚು, ಇವು ಪ್ರೀತಿಯ ಕಾಣಿಕೆಗಳೇ ಹೊರತು ಪಾಲಿನ ಸಂದಾಯವಲ್ಲ. 1,500 ರೂಪಾಯಿ ನುಂಗಿದ ದಲ್ಲಾಳಿಯನ್ನು ಊರ ಮುಂದೆ ನಿಲ್ಲಿಸುವವರು, ಇಪ್ಪತ್ತು ವರ್ಷಗಳ ಬಾಡಿಗೆಯಲ್ಲಿ ತಂಗಿಗೆ ಒಂದು ಪೈಸೆಯನ್ನೂ ಕೊಡದ ಅಣ್ಣನನ್ನು ಏಕೆ ಪ್ರಶ್ನಿಸುವುದಿಲ್ಲ?

ಇದೇ ತತ್ವ ವಕ್ಫ್ ಮಳಿಗೆಗಳಿಗೂ ಅನ್ವಯವಾಗುತ್ತದೆ. ಮುತವಲ್ಲಿಯು ಒಡೆಯನಲ್ಲ, ಪ್ರತಿನಿಧಿ. 1995ರ ವಕ್ಫ್ ಕಾಯ್ದೆಯ 46ನೇ ಕಲಮು ಪ್ರತಿ ವರ್ಷ ಮಂಡಳಿಗೆ ಲೆಕ್ಕ ಸಲ್ಲಿಸಬೇಕೆಂದು ಅವನಿಗೆ ವಿಧಿಸಿದೆ. 2025ರ ವಕ್ಫ್ ತಿದ್ದುಪಡಿ ಕಾಯ್ದೆಯ ವಿರುದ್ಧ ಸಮುದಾಯವು ದೇಶದೆಲ್ಲೆಡೆ ಧ್ವನಿಯೆತ್ತಿತು. ಸರಕಾರದ ಹಸ್ತಕ್ಷೇಪವನ್ನು ವಿರೋಧಿಸುವ ನೈತಿಕ ಬಲವು ನಮ್ಮ ಮಸೀದಿಯ ಮಳಿಗೆಗಳ ಬಾಡಿಗೆ ಪುಸ್ತಕ ತೆರೆದಿದ್ದಾಗ ಇಮ್ಮಡಿಯಾಗುತ್ತದೆ. ಅದು ಮುಚ್ಚಿದ್ದರೆ ಪ್ರತಿಭಟನೆಯ ಕೂಗು ಪೊಳ್ಳಾಗುತ್ತದೆ.

ಪರಿಹಾರ ಕಷ್ಟದ್ದಲ್ಲ. ಏಜೆಂಟನೊಂದಿಗೆ ಒಂದು ಪುಟದ ಕರಾರು ಸಾಕು. ಬಾಡಿಗೆ ಎಷ್ಟು, ಮುಂಗಡ ಎಷ್ಟು, ಕಮಿಷನ್ ಒಮ್ಮೆಗೋ ತಿಂಗಳಿಗೋ, ಮನೆ ಖಾಲಿಯಿದ್ದಾಗ ನಷ್ಟ ಯಾರದ್ದು, ಎಷ್ಟು ರೂಪಾಯಿಗಿಂತ ಹೆಚ್ಚಿನ ದುರಸ್ತಿಗೆ ಒಪ್ಪಿಗೆ ಬೇಕು, ಇವಿಷ್ಟನ್ನು ಇಬ್ಬರು ಸಾಕ್ಷಿಗಳ ಎದುರು ಬರೆದಿಡಬೇಕು. ಬಾಡಿಗೆ ಕರಾರಿಗೆ ಮಾಲಿಕರೂ ಬಾಡಿಗೆದಾರರೂ ನೇರವಾಗಿ ಸಹಿ ಹಾಕಬೇಕು. ಒಂದು ವರ್ಷಕ್ಕೆ ಮೀರಿದ ಅವಧಿಯದ್ದಾದರೆ 1908ರ ನೋಂದಣಿ ಕಾಯ್ದೆಯಂತೆ ಅದನ್ನು ನೋಂದಾಯಿಸಲೇಬೇಕು. ಮೊಬೈಲಿನಲ್ಲಿ ಹಣ ಪಾವತಿಯಾಗುವ ಈ ಕಾಲದಲ್ಲಿ ಬಾಡಿಗೆಯು ನೇರವಾಗಿ ಮಾಲಿಕರ ಬ್ಯಾಂಕ್ ಖಾತೆಗೆ ಬರಲಿ. ಏಜೆಂಟನ ಕಮಿಷನ್ ಅಲ್ಲಿಂದ ಅವನ ಖಾತೆಗೆ ಹೋಗಲಿ. ಆಗ ಸಂಶಯಕ್ಕೆ ಎಡೆಯೇ ಇರದು.

ವಿವಾದ ಈಗಾಗಲೇ ಎದ್ದಿದ್ದರೆ ಮೊದಲು ಲಿಖಿತವಾಗಿ ಲೆಕ್ಕ ಕೇಳಬೇಕು. ಏಜೆಂಟನು ಖಾಲಿ ತಿಂಗಳುಗಳಲ್ಲಿ ಕೊಟ್ಟ ಹಣ, ದುರಸ್ತಿಯ ಖರ್ಚು, ನ್ಯಾಯವಾದ ಕಮಿಷನ್ ಇವನ್ನು ರಸೀದಿ ನೋಡಿ ಕಳೆದು, ಉಳಿದುದನ್ನು ಕಂತುಗಳಲ್ಲಾದರೂ ಹಿಂದಿರುಗಿಸಲಿ. ಇಬ್ಬರೂ ಒಪ್ಪುವ ಇಬ್ಬರು ಹಿರಿಯರು ಕುಳಿತು ಇದನ್ನು ತೀರ್ಮಾನಿಸಬಹುದು. ಅದು ಫಲಿಸದಿದ್ದರೆ ನ್ಯಾಯಾಲಯದ ದಾರಿಯಿದೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ದೊರೆಯುತ್ತದೆ. ಅದಕ್ಕಾಗಿ ತಾಲೂಕು ಕಾನೂನು ಸೇವಾ ಸಮಿತಿಯನ್ನು ಸಂಪರ್ಕಿಸಬೇಕು. ಆದರೆ ವಿಳಂಬ ಸಲ್ಲದು. ಲೆಕ್ಕ ಕೇಳಿ ನಿರಾಕರಿಸಲ್ಪಟ್ಟ ದಿನದಿಂದ ದಾವೆಗೆ ಮೂರು ವರ್ಷಗಳ ಕಾಲಮಿತಿಯಿದೆ.

ಅಮಾನತನ್ನು ಅದರ ಹಕ್ಕುದಾರರಿಗೆ ಒಪ್ಪಿಸಬೇಕೆಂಬುದು ಅಲ್ಲಾಹನ ಆಜ್ಞೆ. ಆ ಆಜ್ಞೆಯು ಕೋಟಿಗಳ ವ್ಯವಹಾರಕ್ಕೆ ಮಾತ್ರ ಮೀಸಲಲ್ಲ, ಆಳಂದದ ಎರಡು ಕೋಣೆಗಳ ಬಾಡಿಗೆಗೂ ಅನ್ವಯಿಸುತ್ತದೆ. ಇಲ್ಲಿ ಕೇಳದೆ ಉಳಿದ ಲೆಕ್ಕವನ್ನು ಪರಲೋಕದಲ್ಲಿ ಕೇಳಲಾಗುವುದೆಂದು ನಂಬಿರುವ ಜನರು, ಒಡಹುಟ್ಟಿದವಳಾಗಲಿ, ಮನೆಯೊಡತಿಯಾಗಲಿ ಲೆಕ್ಕ ಕೇಳಿದಾಗ ಮುಖ ಸಿಂಡರಿಸದೆ ಪುಸ್ತಕ ತೆರೆದು ತೋರಿಸುವಂತಾಗಬೇಕು.