ನರ್ಸ್ ಡೈರಿ 14: ಬೀಗ ಹಾಕಿಟ್ಟ ಡೇಟಾ

"ರೋಗಿಗಳ ಡೇಟಾ ಹಂಚಿದ್ರೆ ಗುಟ್ಟು ರಟ್ಟಾಗಲ್ವಾ?" ಅಂತ ಹೋದ ಪೋಸ್ಟಿಗೆ ಚಿಕ್ಕಪ್ಪ ಕೇಳಿದ್ರು. ಬಚ್ಚಿಟ್ರೆ ಏನಾಗುತ್ತೆ ಕೇಳಿ ಚಿಕ್ಕಪ್ಪ. 2020ರ ಮೇ ತಿಂಗಳಲ್ಲಿ ಲ್ಯಾನ್ಸೆಟ್‌ನಲ್ಲಿ ಒಂದು ಲೇಖನ ಬಂತು: 671 ಆಸ್ಪತ್ರೆ, 96,000 ಕೋವಿಡ್ ರೋಗಿಗಳು, ಹೈಡ್ರಾಕ್ಸಿಕ್ಲೋರೋಕ್ವಿನ್ ತಗೊಂಡವರಲ್ಲಿ ಸಾವು ಜಾಸ್ತಿ ಅಂತ. ಡಬ್ಲ್ಯುಎಚ್‌ಒ ಆ ಔಷಧಿಯ ಪರೀಕ್ಷೆಯನ್ನೇ ತಡೆಹಿಡೀತು. ಮೂಲ ಡೇಟಾ ತೋರ್ಸಿ ಅಂದ್ರೆ ಸರ್ಜಿಸ್ಫಿಯರ್ ಕಂಪನಿ ಕೊಡಲೇ ಇಲ್ಲ. ಎರಡೇ ವಾರಕ್ಕೆ ಲೇಖನ ವಾಪಸ್! (ಆ ಔಷಧಿಯಿಂದ ಪ್ರಯೋಜನ ಇಲ್ಲ ಅಂತ ಆಮೇಲೆ ಸರಿಯಾದ ಪರೀಕ್ಷೆಯಿಂದಲೇ ಗೊತ್ತಾಯ್ತು, ಅದು ಬೇರೆ ಮಾತು.)

ಹಂಚೋದು ಅಂದ್ರೆ ಫೈಲು ವಾಟ್ಸಾಪ್ ಮಾಡೋದಲ್ಲ. ಹೆಸರು, ಹುಟ್ಟಿದ ತಾರೀಕು ತೆಗೀಬೇಕು, ಪ್ರತಿ ಕಾಲಮ್ಮಿಗೂ ಅರ್ಥ ಬರೀಬೇಕು, ಯಾರು ನೋಡಬಹುದು ಅಂತ ತೀರ್ಮಾನಿಸ್ಬೇಕು. ನನಗೆ ಊರಲ್ಲೂ ಇಲ್ಲಿ ಇಂಗ್ಲೆಂಡಲ್ಲೂ ಫಾರ್ಮ್ ತುಂಬೋದು ಕಲಿಸಿದ್ರು, ಇದನ್ನಲ್ಲ. ಈಗಿನ ಹುಡುಗೀರಿಗಾದ್ರೂ ಕಲಿಸಿ, ಅದೂ ಡ್ಯೂಟಿ ಟೈಮಲ್ಲೇ. ನೈಟ್ ಶಿಫ್ಟ್ ಮುಗಿಸಿ ಮನೇಲಿ ಕೂತು ಕೋರ್ಸ್ ಮಾಡಿ ಅಂದ್ರೆ ನಾನಂತೂ ಒಪ್ಪಲ್ಲ.