ಬಟನ್ ಒತ್ತಿಸೋದು ಪಾಠವಲ್ಲ

ವಿಜ್ಞಾನ ಕಲಿಸೋ ಎಷ್ಟೋ ವೆಬ್ ಪುಟಗಳಲ್ಲಿ ಹಿಮೋಗ್ಲೋಬಿನ್ ಗಿರಗಿರ ತಿರುಗುತ್ತಿರುತ್ತದೆ. ಪಕ್ಕದಲ್ಲಿ ನಾಲ್ಕು ಬಟನ್. ಒತ್ತಿದರೆ ಬಣ್ಣ ಬದಲಾಗುತ್ತದೆ, ಅಷ್ಟೇ. ಇದಕ್ಕೆ 'ಇಂಟರ್‌ಆ್ಯಕ್ಟಿವ್' ಅಂತ ಹೆಸರು! ರಿಮೋಟ್ ಹಿಡಿದು ಚಾನೆಲ್ ಬದಲಿಸೋದಕ್ಕೂ ಇದಕ್ಕೂ ಏನು ವ್ಯತ್ಯಾಸ ಹೇಳಿ?

ಜೆಎಸ್‌ಮೋಲ್ ಅನ್ನೋ ಅಣು-ವ್ಯೂವರನ್ನೇ ತಗೊಳ್ಳಿ. ಪುಟದೊಳಗೇ ಕೂತಿದ್ದರೂ ಅದರ ಸ್ಕ್ರಿಪ್ಟ್ ಭಾಷೆ ಬೇರೆ. ಪುಟದ ಜಾವಾಸ್ಕ್ರಿಪ್ಟ್‌ನಲ್ಲಿರೋ ವೇರಿಯಬಲ್ ಅದಕ್ಕೆ ತಾನಾಗಿ ಸಿಗೋದಿಲ್ಲ. ಅದರದ್ದು ಪುಟಕ್ಕೂ ಸಿಗೋದಿಲ್ಲ. ಆದರೆ ಕೊಟ್ಟು ತಗೊಳ್ಳೋಕೆ ದಾರಿ ಇದೆ. ಆಜ್ಞೆ ಕಳಿಸೋಕೆ 'ಜೆಮೋಲ್.ಸ್ಕ್ರಿಪ್ಟ್'. ಬೆಲೆ ಕೇಳಿ ಪಡೆಯೋಕೆ 'ಜೆಮೋಲ್.ಇವ್ಯಾಲ್ಯುಯೇಟ್‌ವಾರ್'. ಯಾವ ಪರಮಾಣುವಿನ ಮೇಲೆ ಕ್ಲಿಕ್ ಆಯ್ತು ಅಂತ ಪುಟಕ್ಕೆ ತಿಳಿಸೋಕೆ 'ಪಿಕ್ ಕಾಲ್‌ಬ್ಯಾಕ್'. ನಮ್ಮ ಬಟನ್ ಪುಟಗಳು ಮೊದಲನೆಯದರಲ್ಲೇ ನಿಂತುಬಿಡುತ್ತವೆ. ಹೇಳುತ್ತವೆ, ಕೇಳೋದಿಲ್ಲ.

ನಷ್ಟ ಕಲಿಯೋರಿಗೆ. 1ಎ3ಎನ್ ಅನ್ನೋ ಹಿಮೋಗ್ಲೋಬಿನ್ ರಚನೆಯಲ್ಲಿ ಕಬ್ಬಿಣದ ಪರಮಾಣುಗಳು 4. ಪುಟ ಬರೆದವರು ಆ '4' ಅನ್ನು ಕೈಯಾರೆ ಟೈಪ್ ಮಾಡಿಟ್ಟರು ಅನ್ನಿ. ವಿದ್ಯಾರ್ಥಿ ಅಲ್ಲಿಗೆ ಸ್ನಾಯುವಿನ ಪ್ರೋಟೀನ್ ಮಯೋಗ್ಲೋಬಿನ್ ತಂದರೆ ಕಣ್ಣೆದುರು ಇರೋದು ಒಂದೇ ಕಬ್ಬಿಣ. ಪುಟ ಮಾತ್ರ '4' ಅಂತಲೇ ಹಟ ಹಿಡಿಯುತ್ತದೆ. ಎಣಿಕೆಯನ್ನು ವ್ಯೂವರ್‌ನಿಂದಲೇ ಕೇಳಿದ್ದರೆ ಈ ಸುಳ್ಳು ಹುಟ್ಟುತ್ತಲೇ ಇರಲಿಲ್ಲ.

"ಕೇಳಿದರೆ ಕೆಲವು ಸಲ 0 ಬರುತ್ತೆ, ನಂಬೋಕಾಗಲ್ಲ" ಅಂತೀರಾ? ಅಣು ಲೋಡ್ ಆಗೋ ಮೊದಲೇ ಕೇಳಿದರೆ ಇನ್ನೇನು ಬರಬೇಕು? ಲೋಡ್ ಆದ ಮೇಲೆ ಕರೆಯೋ ಕಾಲ್‌ಬ್ಯಾಕ್ ಇದೆ, ಅದರೊಳಗೆ ಕೇಳಿ.

"ಸುರಕ್ಷತೆ?" ಅನ್ನೋರ ಮಾತಿನಲ್ಲಿ ಹುರುಳಿದೆ. ಜೆಮೋಲ್ ಸ್ಕ್ರಿಪ್ಟ್‌ನಿಂದ ಪುಟದ ಜಾವಾಸ್ಕ್ರಿಪ್ಟ್ ಓಡಿಸೋ ಆಜ್ಞೆಯೂ ಉಂಟು. ಹಾಗಾಗಿ ಓದುಗರು ಟೈಪ್ ಮಾಡಿದ್ದನ್ನು ನೇರವಾಗಿ ಆಜ್ಞೆಗೆ ಅಂಟಿಸಬಾರದು. ಸಂಖ್ಯೆ ಬೇಕಿದ್ದರೆ ಅದು ಸಂಖ್ಯೆಯೇ ಹೌದಾ ಅಂತ ನೋಡಿ, ಆಮೇಲೆ ಕಳಿಸಿ. ಬಾಗಿಲಿಗೆ ಚಿಲಕ ಹಾಕಿ ಸಾಕು. ಗೋಡೆ ಕಟ್ಟಿ ಮುಚ್ಚಬೇಡಿ.

ಇಲ್ಲಿನ ಶಾಲೆಗಳಲ್ಲಿ ಓದೋ ನಮ್ಮ ಮಕ್ಕಳಿಗೆ ಒಂದು ಮಾತು: ಅಂಥ ಪುಟ ಸಿಕ್ಕಿದರೆ, ಪಾಠದಲ್ಲಿಲ್ಲದ ಪರಮಾಣುವೊಂದನ್ನು ಕ್ಲಿಕ್ ಮಾಡಿ. ಪಕ್ಕದ ಬರಹ ಕದಲದಿದ್ದರೆ, ಯಾಕೆ ಅಂತ ಟೀಚರನ್ನು ಕೇಳಿ.